ದೂರೂ ಒಂದು ಪ್ರಾರ್ಥನೆ: ಸಂಕಟದ ಮುಂದೆ ಕ್ರೈಸ್ತ ನಂಬಿಕೆ ಮತ್ತು ಸಭೆ

ಲಾಜರನು ಸತ್ತು ಸಮಾಧಿ ಸೇರಿ ನಾಲ್ಕು ದಿನಗಳಾದ ಮೇಲೆ ಯೇಸು ಬೇಥಾನ್ಯಕ್ಕೆ ಬರುತ್ತಾನೆ. ಸುದ್ದಿ ತಿಳಿದೊಡನೆ ಎದುರುಗೊಳ್ಳಲು ಹೋದ ಮಾರ್ಥಳು ಆಡುವ ಮೊದಲ ಮಾತು, 'ಕರ್ತನೇ, ನೀನು ಇಲ್ಲಿ ಇದ್ದಿದ್ದರೆ ನನ್ನ ಸಹೋದರನು ಸಾಯುತ್ತಿರಲಿಲ್ಲ' ಎಂಬುದು. ಸ್ವಲ್ಪ ಹೊತ್ತಿನ ಮೇಲೆ ಮನೆಯಿಂದ ಬಂದ ಅವಳ ಸಹೋದರಿ ಮರಿಯಳು ಆತನ ಪಾದಕ್ಕೆ ಬಿದ್ದು ಹೇಳುವುದೂ ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ ಇದನ್ನೇ. ಬಹುಶಃ ಆ ನಾಲ್ಕು ದಿನವೂ ಇಬ್ಬರೂ ಮನೆಯೊಳಗೆ ಇದೇ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಬೇಕು. ತಮ್ಮವನಿಗೆ ಕಾಯಿಲೆಯೆಂದು ಅವರು ಮೊದಲೇ ಹೇಳಿ ಕಳುಹಿಸಿದ್ದರು; ಆದರೂ ಯೇಸು ಇದ್ದಲ್ಲಿಯೇ ಇನ್ನೂ ಎರಡು ದಿನ ಉಳಿದನು ಎಂದು ಯೋಹಾನನ ಸುವಾರ್ತೆಯ 11ನೇ ಅಧ್ಯಾಯವೇ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಹಾಗಾಗಿ ಅವರ ಮಾತಿನಲ್ಲಿ ನಂಬಿಕೆಯ ಜೊತೆಗೆ ಒಂದು ದೂರೂ ಇದೆ.

ಈ ಒಂದೇ ದೂರಿಗೆ ಯೇಸುವಿನಿಂದ ಸಿಗುವ ಉತ್ತರಗಳು ಎರಡು. ಮಾರ್ಥಳೊಡನೆ ಆತನು ಮಾತನಾಡುತ್ತಾನೆ. 'ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ' ಎಂಬ ಹೆಸರಾಂತ ವಾಕ್ಯ ಅಲ್ಲಿ ಬರುತ್ತದೆ. ಮರಿಯಳಿಗೆ ಬೋಧನೆಯಿಲ್ಲ. ಸಮಾಧಿ ಎಲ್ಲಿದೆಯೆಂದು ಕೇಳಿ, 'ಯೇಸು ಕಣ್ಣೀರು ಬಿಟ್ಟನು' ಎಂಬ ಮೂರೇ ಪದಗಳಲ್ಲಿ ಆ ಉತ್ತರ ಮುಗಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸತ್ತವನನ್ನು ಎಬ್ಬಿಸುವೆನೆಂದು ಗೊತ್ತಿದ್ದವನು ಅತ್ತದ್ದೇಕೆ ಎಂಬ ಪ್ರಶ್ನೆಯನ್ನು ವ್ಯಾಖ್ಯಾನಕಾರರು ಶತಮಾನಗಳಿಂದ ಚರ್ಚಿಸಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, 'ನೀನು ಇದ್ದಿದ್ದರೆ' ಎಂದು ಮುಖಕ್ಕೆ ಮುಖ ಕೊಟ್ಟು ಆಡಿದ ಆ ಇಬ್ಬರಲ್ಲಿ ಯಾರನ್ನೂ ಆತನು ಗದರಿಸಲಿಲ್ಲ ಎಂಬುದು.

ಸಂಕಟದ ಬಗ್ಗೆ ಕ್ರೈಸ್ತಧರ್ಮ ಏನು ಹೇಳುತ್ತದೆ ಎಂದು ಕೇಳುವವರು ಸಾಮಾನ್ಯವಾಗಿ ಒಂದು ಸಮರ್ಥನೆಯನ್ನು ನಿರೀಕ್ಷಿಸುತ್ತಾರೆ: ದೇವರು ಒಳ್ಳೆಯವನಾಗಿದ್ದು ಸರ್ವಶಕ್ತನೂ ಆಗಿದ್ದರೆ ಕೇಡು ಏಕಿದೆ ಎಂಬ ಪ್ರಶ್ನೆಗೆ ಒಂದು ಉತ್ತರ. ಅಂಥ ಉತ್ತರಗಳು ಇವೆ, ಅವುಗಳಲ್ಲಿ ಕೆಲವು ಗಂಭೀರವಾದವೂ ಹೌದು. ಆದರೆ ಬೈಬಲಿನಲ್ಲಿ ಇದಕ್ಕಿಂತ ಹೆಚ್ಚು ಸ್ಥಳವನ್ನು ಪಡೆದಿರುವುದು ಬೇರೊಂದು ಪರಂಪರೆ. ಅದು ದೇವರ ಕುರಿತು ವಾದಿಸುವುದಿಲ್ಲ. ದೇವರ ಎದುರಿಗೇ ನಿಂತು ದೂರು ಹೇಳುತ್ತದೆ. ಇದನ್ನು ಪ್ರಲಾಪವೆಂದು ಕರೆಯಬಹುದು. ಆ ಹೆಸರಿನ ಪುಸ್ತಕವೇ ಹಳೆ ಒಡಂಬಡಿಕೆಯಲ್ಲಿದೆ. ಈ ಎರಡರ ನಡುವಿನ ವ್ಯತ್ಯಾಸ ಮರೆತುಹೋದಾಗಲೇ ಸಭೆಯೊಳಗೆ, ಅಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯದೊಳಗೆ, ನೊಂದವರಿಗೆ ಮತ್ತಷ್ಟು ನೋವಾಗುತ್ತದೆ ಎಂಬುದು ನನ್ನ ತಿಳಿವಳಿಕೆ.

ಮೊದಲು ವಾದದ ಪರಂಪರೆಯನ್ನು ನೋಡೋಣ. 'ದೇವರ ನ್ಯಾಯದ ಸಮರ್ಥನೆ' ಎಂಬ ಅರ್ಥದ 'ಥಿಯೊಡಿಸಿ' ಎಂಬ ಪದವನ್ನು ಪ್ರಚಾರಕ್ಕೆ ತಂದವರು ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್, 1710ರಲ್ಲಿ. ಪ್ರಶ್ನೆ ಮಾತ್ರ ಬಹಳ ಹಳೆಯದು. ನಾಲ್ಕನೇ ಶತಮಾನದಲ್ಲಿ ಹುಟ್ಟಿ 430ರಲ್ಲಿ ತೀರಿಕೊಂಡ ಹಿಪ್ಪೋ ನಗರದ ಬಿಷಪ್ ಅಗಸ್ಟೀನರು, ಕೇಡು ಎಂಬುದು ತಾನೇ ಒಂದು ವಸ್ತುವಲ್ಲ, ಒಳಿತಿನ ಕೊರತೆ ಎಂದರು. ಬೆಳಕಿಲ್ಲದಿರುವುದನ್ನು ನಾವು ಕತ್ತಲೆ ಎನ್ನುವ ಹಾಗೆ. ದೇವರು ಕೇಡನ್ನು ಸೃಷ್ಟಿಸಲಿಲ್ಲ, ಸ್ವಾತಂತ್ರ್ಯವುಳ್ಳ ಜೀವಿಗಳು ಒಳಿತಿನಿಂದ ಮುಖ ತಿರುಗಿಸಿದಾಗ ಉಂಟಾದ ಬಿರುಕೇ ಕೇಡು ಎಂಬುದು ಅವರ ವಾದದ ತಿರುಳು. ಅವರಿಗಿಂತ ಸುಮಾರು ಇನ್ನೂರು ವರ್ಷ ಹಿಂದಿನ ಸಭೆಯ ಗುರು ಐರೇನಿಯಸರ ಬರಹಗಳಲ್ಲಿ ಬೇರೊಂದು ದಾರಿ ಕಾಣುತ್ತದೆ: ಮನುಷ್ಯನು ಹುಟ್ಟುವಾಗಲೇ ಪರಿಪೂರ್ಣನಲ್ಲ, ಮಗುವಿನಂತೆ ಬೆಳೆಯಬೇಕಾದವನು, ಆ ಬೆಳವಣಿಗೆಗೆ ಕಷ್ಟವೂ ಬೇಕು. ಇಂದಿಗೂ ಧರ್ಮೋಪದೇಶಗಳಲ್ಲಿ ಕೇಳಿಬರುವ ಬಹುಪಾಲು ವಿವರಣೆಗಳು ಈ ಎರಡು ಬೇರುಗಳಿಂದ ಚಿಗುರಿದವುಗಳೇ.

ಇಂಥ ವಾದಗಳ ಮೇಲಿದ್ದ ಭರವಸೆಗೆ ದೊಡ್ಡ ಪೆಟ್ಟು ಬಿದ್ದದ್ದು 1755ರ ನವೆಂಬರ್ 1ರಂದು. ಅಂದು ಸಕಲ ಸಂತರ ಹಬ್ಬ. ಲಿಸ್ಬನ್ನಿನ ಚರ್ಚುಗಳು ಬೆಳಗಿನ ಪೂಜೆಗೆ ಬಂದವರಿಂದ ತುಂಬಿದ್ದಾಗಲೇ ಭೂಕಂಪವಾಯಿತು. ಬಳಿಕ ಸಮುದ್ರ ಉಕ್ಕಿತು, ಉಳಿದದ್ದನ್ನು ಬೆಂಕಿ ಸುಟ್ಟಿತು. ಪ್ರಾರ್ಥಿಸುತ್ತಿದ್ದವರ ಮೇಲೆಯೇ ಚಾವಣಿಗಳು ಕುಸಿದವು. ಇದು ಯಾರ ಯಾವ ಆಯ್ಕೆಯ ಫಲ, ಇದರಿಂದ ಯಾರು ಬೆಳೆದರು ಎಂದು ಯುರೋಪಿನ ಚಿಂತಕರು ಕೇಳತೊಡಗಿದರು. ಅಂದಿನಿಂದ ಇಂದಿನವರೆಗೆ ಆ ವಾದಗಳಿಗೆ ಹಳೆಯ ಆತ್ಮವಿಶ್ವಾಸ ಮರಳಿ ಬಂದಿಲ್ಲವೆನ್ನಬೇಕು.

ಹಾಗೆ ನೋಡಿದರೆ, ಕಟ್ಟಡ ಕುಸಿದು ಜನ ಸತ್ತ ಪ್ರಸಂಗವೊಂದು ಸುವಾರ್ತೆಯಲ್ಲಿಯೇ ಇದೆ. ಯೆರೂಸಲೇಮಿನ ಸಿಲೋವದಲ್ಲಿ ಒಂದು ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಊರಿನ ಉಳಿದೆಲ್ಲರಿಗಿಂತ ಹೆಚ್ಚು ತಪ್ಪಿತಸ್ಥರೆಂದು ಭಾವಿಸುತ್ತೀರೋ ಎಂದು ಯೇಸು ಕೇಳುತ್ತಾನೆ. ಹಾಗಲ್ಲ ಎಂದು ತಾನೇ ಉತ್ತರಿಸುತ್ತಾನೆ (ಲೂಕ 13). ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇವನು ಹೀಗೆ ಹುಟ್ಟಿರುವುದಕ್ಕೆ ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗಲೂ ಉತ್ತರ ಅದೇ: ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ (ಯೋಹಾನ 9). ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮನುಷ್ಯನು ಬಿತ್ತಿದ್ದನ್ನೇ ಕೊಯ್ಯುವನು ಎಂದು ಯೇಸುವಿನ ಸಂದೇಶವನ್ನು ಸಾರಿದ ಅಪೊಸ್ತಲ ಪೌಲನು ಗಲಾತ್ಯದ ಸಭೆಯವರಿಗೆ ಬರೆದದ್ದನ್ನು ಈ ಮಾತುಗಳು ಅಳಿಸಿಹಾಕುವುದಿಲ್ಲ. ಕೃತ್ಯಕ್ಕೆ ಫಲವುಂಟು ಎಂದು ಮುಂದಕ್ಕೆ ನೋಡಿ ಎಚ್ಚರಿಸುವುದು ಒಂದು. ನೋವನ್ನು ಕಂಡು, ಹಿಂದೆ ಯಾವುದೋ ಪಾಪವಿರಲೇಬೇಕೆಂದು ಹುಡುಕಹೊರಡುವುದು ಇನ್ನೊಂದು. ಯೇಸು ಮುಚ್ಚಿದ್ದು ಈ ಎರಡನೆಯ ದಾರಿಯನ್ನು. ಕಾಯಿಲೆ ಬಿದ್ದವರ ಹಾಸಿಗೆಯ ಪಕ್ಕದಲ್ಲಿ ಕುಳಿತು, ನಿಮ್ಮ ಜೀವನದಲ್ಲಿ ಅರಿಕೆಮಾಡದ ಪಾಪವೇನಾದರೂ ಇದೆಯೇ ಎಂದು ಮೆಲ್ಲಗೆ ವಿಚಾರಿಸುವವರು ಈ ಮುಚ್ಚಿದ ಬಾಗಿಲನ್ನೇ ತಟ್ಟುತ್ತಿರುತ್ತಾರೆ.

ಅಂಥವರ ಹಿರಿಯರು ಯೋಬನ ಮೂವರು ಸ್ನೇಹಿತರು. ಮಕ್ಕಳು, ಸಂಪತ್ತು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡವನ ಕಥೆಯಾದ, ಹಳೆ ಒಡಂಬಡಿಕೆಯ ಯೋಬನ ಪುಸ್ತಕವನ್ನು ತಾಳ್ಮೆಯ ಪಾಠವೆಂದು ಕಲಿಸುವುದು ರೂಢಿಯಾಗಿದೆ. ಆದರೆ ಆ ತಾಳ್ಮೆ ಮೊದಲ ಎರಡು ಅಧ್ಯಾಯಗಳಿಗೇ ಮುಗಿಯುತ್ತದೆ. ಒಟ್ಟು 42 ಅಧ್ಯಾಯಗಳ ಪುಸ್ತಕದಲ್ಲಿ 3ನೆಯದರಿಂದಲೇ ಯೋಬನು ತಾನು ಹುಟ್ಟಿದ ದಿನವನ್ನು ಶಪಿಸತೊಡಗುತ್ತಾನೆ. ಎಲೀಫಜ, ಬಿಲ್ದದ, ಚೋಫರರು ಬಂದಾಗ ಅವನ ಗುರುತೇ ಅವರಿಗೆ ಸಿಗುವುದಿಲ್ಲ; ಬಟ್ಟೆ ಹರಿದುಕೊಂಡು, ತಲೆಯ ಮೇಲೆ ಧೂಳು ಹಾಕಿಕೊಂಡು, ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಕೂರುತ್ತಾರೆ. ಅವನ ಸಂಕಟ ಬಹಳ ಹೆಚ್ಚೆಂದು ಕಂಡು ಒಬ್ಬರೂ ಒಂದು ಮಾತನ್ನೂ ಆಡುವುದಿಲ್ಲ. ಅವರು ಮಾಡಿದ್ದರಲ್ಲಿ ಅತ್ಯುತ್ತಮವಾದ ಕೆಲಸ ಅದೇ. ಬಾಯಿ ತೆರೆದ ಮೇಲೆ ಎಲ್ಲವೂ ಕೆಡುತ್ತದೆ.

ಸೋಜಿಗವೆಂದರೆ, ಅವರ ವಾಕ್ಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಹೆಚ್ಚಿನವು ತಪ್ಪಲ್ಲ. ದೇವರು ನ್ಯಾಯವಂತನು, ದುಷ್ಟರು ಉಳಿಯುವುದಿಲ್ಲ, ದೇವರ ಶಿಕ್ಷಣವನ್ನು ತಾತ್ಸಾರ ಮಾಡಬಾರದು ಎಂಬಂಥ ಮಾತುಗಳು ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದಲ್ಲಿಯೂ ಸಿಗುತ್ತವೆ. ಎಲೀಫಜನ ಒಂದು ವಾಕ್ಯವನ್ನಂತೂ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಶಾಸ್ತ್ರವಚನವೆಂದೇ ಉದ್ಧರಿಸಿದ್ದಾನೆ. ಆದರೂ ಕೊನೆಯ ಅಧ್ಯಾಯದಲ್ಲಿ ದೇವರಾದ ಯೆಹೋವನು ಎಲೀಫಜನಿಗೆ, ನನ್ನ ದಾಸನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಯುಕ್ತವಾದದ್ದನ್ನು ಆಡಲಿಲ್ಲ ಎಂದು ಸಿಟ್ಟಾಗುತ್ತಾನೆ. ಹುಟ್ಟಿದ ದಿನವನ್ನು ಶಪಿಸಿದವನು, ದೇವರು ತನ್ನನ್ನು ಅನ್ಯಾಯವಾಗಿ ಬೇಟೆಯಾಡುತ್ತಿದ್ದಾನೆಂದು ಕೂಗಿದವನು ಸರಿ. ದೇವರ ಪಕ್ಷ ವಹಿಸಿ ವಾದಿಸಿದವರು ತಪ್ಪು! ಈ ತೀರ್ಪಿನಲ್ಲಿ 'ನನ್ನ ವಿಷಯದಲ್ಲಿ' ಎಂದು ಅನುವಾದಗೊಂಡಿರುವ ಹೀಬ್ರೂ ಪದಕ್ಕೆ 'ನನ್ನೊಡನೆ' ಎಂಬ ಅರ್ಥವೂ ಆಗಬಹುದೆಂದು ಕೆಲವು ಪಂಡಿತರು ತೋರಿಸಿದ್ದಾರೆ. ಆ ಅರ್ಥವನ್ನು ಒಪ್ಪಿದರೂ ಬಿಟ್ಟರೂ ಪುಸ್ತಕದಲ್ಲಿ ಕಣ್ಣಿಗೆ ಬೀಳುವ ಸಂಗತಿ ಒಂದಿದೆ: ಸ್ನೇಹಿತರು ದೇವರ ಬಗ್ಗೆ ಅಧ್ಯಾಯಗಟ್ಟಲೆ ಮಾತನಾಡುತ್ತಾರೆ, ಒಮ್ಮೆಯೂ ದೇವರೊಡನೆ ಮಾತನಾಡುವುದಿಲ್ಲ. ಯೋಬನಾದರೋ ಅವರಿಗೆ ಉತ್ತರಿಸುತ್ತಿರುವಾಗಲೇ ಮತ್ತೆ ಮತ್ತೆ ಮುಖವನ್ನು ಮೇಲಕ್ಕೆತ್ತಿ 'ನೀನು' ಎನ್ನುತ್ತಾನೆ.

ಇನ್ನೂ ಒಂದು ಮಾತು. ಪರಲೋಕದಲ್ಲಿ ಸೈತಾನನು ಹಾಕಿದ ಸವಾಲಿನಿಂದ ಇದೆಲ್ಲ ಆರಂಭವಾಯಿತೆಂಬುದು ಓದುಗರಾದ ನಮಗೆ ಮೊದಲಿನಿಂದಲೇ ಗೊತ್ತು. ಯೋಬನಿಗೆ ಅದು ಕಡೆಯವರೆಗೂ ತಿಳಿಯುವುದೇ ಇಲ್ಲ. 38ನೇ ಅಧ್ಯಾಯದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತನಾಡಿದಾಗಲೂ ನಕ್ಷತ್ರಗಳು, ಹಿಮದ ಭಂಡಾರ, ಕಾಡುಮೇಕೆಗಳು ಈಯುವ ಕಾಲ, ಉಷ್ಟ್ರಪಕ್ಷಿ, ಯುದ್ಧದ ಕುದುರೆ ಎಲ್ಲವೂ ಬರುತ್ತವೆ. ಕಾರಣ ಮಾತ್ರ ಬರುವುದಿಲ್ಲ. ಯೋಬನಿಗೆ ಸಿಕ್ಕಿದ್ದು ದೇವರ ದರ್ಶನ. ವಿವರಣೆಯ ಜಾಗದಲ್ಲಿ ಬಂದ ಈ ದರ್ಶನ ಅವನಿಗೆ ಸಾಕಾಯಿತು ಎಂದು ಪುಸ್ತಕ ಹೇಳುತ್ತದೆ. ಎಲ್ಲ ಓದುಗರಿಗೂ ಅದು ಸಾಕಾಗುವುದಿಲ್ಲ, ಅವರನ್ನು ತಪ್ಪೆನ್ನಲಾರೆ. ಕೊನೆಯಲ್ಲಿ ಅವನಿಗೆ ಹುಟ್ಟುವ ಹತ್ತು ಮಕ್ಕಳು ಮೊದಲು ಸತ್ತ ಹತ್ತು ಮಕ್ಕಳ ಲೆಕ್ಕವನ್ನು ಸರಿದೂಗಿಸುವುದಿಲ್ಲವೆಂಬುದು ಹೆತ್ತವರೆಲ್ಲರಿಗೂ ತಿಳಿದದ್ದೇ.

ಯೋಬನ ಈ 'ನೀನು' ಎಂಬ ಧಾಟಿ ಇಡೀ ಸಮುದಾಯದ ಹಾಡಾಗಿ ಬೆಳೆದಿರುವುದು ಬೈಬಲಿನ ಪ್ರಾರ್ಥನಾ ಹಾಡುಗಳ ಸಂಗ್ರಹವಾದ ಕೀರ್ತನೆಗಳಲ್ಲಿ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಪ್ರಲಾಪದ್ದು. ಅದರ ಕಟ್ಟುವಿಕೆಯನ್ನು ತಿಳಿಯಲು 13ನೇ ಕೀರ್ತನೆಯೇ ಸಾಕು. ಅದರಲ್ಲಿರುವುದು ಆರೇ ವಚನಗಳು. ಮೊದಲ ಎರಡು ವಚನಗಳಲ್ಲಿ 'ಇನ್ನೆಲ್ಲಿಯವರೆಗೆ' ಎಂಬ ಕೂಗು ನಾಲ್ಕು ಸಲ ಬರುತ್ತದೆ: ಎಲ್ಲಿಯವರೆಗೆ ನನ್ನನ್ನು ಮರೆತಿರುವಿ, ಎಲ್ಲಿಯವರೆಗೆ ಮುಖ ಮರೆಮಾಡುವಿ, ಎಲ್ಲಿಯವರೆಗೆ ನಾನು ಒಳಗೊಳಗೇ ಕೊರಗಬೇಕು, ಎಲ್ಲಿಯವರೆಗೆ ವೈರಿಯ ಕೈ ಮೇಲಾಗಿರಬೇಕು. ನಡುವಿನ ಎರಡು ವಚನಗಳು ಬೇಡಿಕೆ: ನೋಡು, ಉತ್ತರಕೊಡು, ಕಣ್ಣಿಗೆ ಬೆಳಕು ಕೊಡು, ಇಲ್ಲದಿದ್ದರೆ ಸತ್ತೇಹೋಗುತ್ತೇನೆ. ಕೊನೆಯ ಎರಡರಲ್ಲಿ ಭರವಸೆ: ನಾನಾದರೋ ನಿನ್ನ ಕೃಪೆಯಲ್ಲಿ ಭರವಸವಿಟ್ಟಿದ್ದೇನೆ, ಹಾಡುವೆನು. ದೂರಿನಿಂದ ಬೇಡಿಕೆಗೆ, ಬೇಡಿಕೆಯಿಂದ ಭರವಸೆಗೆ ಸಾಗುವ ಈ ಮೆಟ್ಟಿಲುಗಳು ಹಲವಾರು ಕೀರ್ತನೆಗಳಲ್ಲಿವೆ. ಮೊದಲ ಮೆಟ್ಟಿಲನ್ನು ಹಾರಿ ನೇರವಾಗಿ ಮೂರನೆಯದರ ಮೇಲೆ ನಿಲ್ಲಲು ಕೀರ್ತನೆಗಾರನು ಯಾರನ್ನೂ ಒತ್ತಾಯಿಸುವುದಿಲ್ಲ.

ಮೂರನೆಯ ಮೆಟ್ಟಿಲೇ ಇಲ್ಲದ ಕೀರ್ತನೆಯೂ ಇದೆ. 88ನೆಯದನ್ನು ಓದುವವರು ಕೊನೆಯಲ್ಲಿ ಬರಬಹುದಾದ ಒಂದು 'ಆದರೂ'ವಿಗಾಗಿ ಕಾಯುತ್ತಾರೆ, ಅದು ಬರುವುದಿಲ್ಲ. 'ನನ್ನನ್ನು ರಕ್ಷಿಸುವ ದೇವರೇ' ಎಂಬ ಮೊದಲ ಕರೆಯೊಂದನ್ನು ಬಿಟ್ಟರೆ ಬೆಳಕಿನ ಗೆರೆಯೇ ಇಲ್ಲ. ಸತ್ತವರಿಗಾಗಿ ಅದ್ಭುತಗಳನ್ನು ನಡಿಸುವಿಯೋ ಎಂದು ಅದು ದೇವರನ್ನು ಕೇಳುತ್ತದೆ, ಗೆಳೆಯರನ್ನು ದೂರಮಾಡಿದವನು ನೀನೇ ಎನ್ನುತ್ತದೆ; ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದ 'ಕತ್ತಲೆ'. ಇದು ಯಾರದೋ ಗುಟ್ಟಿನ ದಿನಚರಿಯಲ್ಲ, ಶಿರೋನಾಮದಲ್ಲಿ ಪ್ರಧಾನಗಾಯಕನಿಗೆ ಎಂಬ ಸೂಚನೆ ಹೊತ್ತು ಆರಾಧನೆಯಲ್ಲಿ ಹಾಡಲೆಂದೇ ಇಟ್ಟ ರಚನೆ.

ಪ್ರಲಾಪಗಳ ಪುಸ್ತಕ ಇನ್ನೊಂದು ಬಗೆಯಲ್ಲಿ ಬೆರಗು ಹುಟ್ಟಿಸುತ್ತದೆ. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬೆಲಿನವರು ಯೆರೂಸಲೇಮನ್ನು ಕೆಡವಿದ ಮೇಲೆ ಹುಟ್ಟಿದ ಐದು ಕವಿತೆಗಳಿವು. ಹೀಬ್ರೂ ಅಕ್ಷರಮಾಲೆಯಲ್ಲಿ 22 ಅಕ್ಷರಗಳು. ಮೊದಲ ನಾಲ್ಕು ಕವಿತೆಗಳಲ್ಲಿ ವಚನಗಳು ಒಂದೊಂದು ಅಕ್ಷರದಿಂದ ಸರದಿಯಂತೆ ಆರಂಭವಾಗುತ್ತವೆ. ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರರಂತೆ 66 ವಚನಗಳು. ಹಸಿವಿನಿಂದ ಮಕ್ಕಳು ಬೀದಿಯಲ್ಲಿ ಬಳಲಿ ಬೀಳುವುದನ್ನು ಕಂಡವನು ಕುಳಿತು ಇಂಥ ಕ್ರಮದಲ್ಲಿ ಬರೆದದ್ದೇಕೆ? ಅಳುವಿಗೆ ಒಂದು ಕಟ್ಟೆ ಬೇಕು ಎಂಬುದಕ್ಕಿರಬಹುದು, ಅಥವಾ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಏನನ್ನೂ ಬಿಡದೆ ಹೇಳಿ ಮುಗಿಸಬೇಕೆಂಬ ಹಟವಿರಬಹುದು. ಐದನೆಯ ಕವಿತೆಯಲ್ಲಿ ವಚನಗಳು 22 ಇವೆ, ಅಕ್ಷರಗಳ ಕ್ರಮ ಮಾತ್ರ ಒಡೆದುಹೋಗಿದೆ. ದೇವರ ಕರುಣೆ ದಿನದಿನವೂ ಬೆಳಗಾದಂತೆ ಹೊಸದಾಗುತ್ತದೆ ಎಂಬ, ಎಲ್ಲರಿಗೂ ಬಾಯಿಪಾಠವಾಗಿರುವ ವಚನ ಈ ಪುಸ್ತಕದ ನಟ್ಟನಡುವಿನದು. ಅದು ಕೊನೆಯ ಮಾತಲ್ಲ. ಕೊನೆಯ ಮಾತು, ನೀನು ನಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟಿದ್ದೀಯೋ ಎಂಬ ಅಳುಕು. ಯೆಹೂದ್ಯರು ಈ ಪುಸ್ತಕವನ್ನು ಸಭಾಮಂದಿರದಲ್ಲಿ ಓದುವಾಗ, ಆ ಅಳುಕಿನಲ್ಲಿ ನಿಲ್ಲಬಾರದೆಂದು ಅದರ ಹಿಂದಿನ ವಚನವನ್ನು ಮತ್ತೊಮ್ಮೆ ಓದಿ ಮುಗಿಸುತ್ತಾರೆ.

ಯೇಸು ಈ ಪರಂಪರೆಯ ಮಗನು. ಶಿಲುಬೆಯ ಮೇಲೆ ಆತನು ಕೂಗಿದ 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?' ಎಂಬುದು 22ನೇ ಕೀರ್ತನೆಯ ಮೊದಲ ಸಾಲು. ಮತ್ತಾಯ ಮತ್ತು ಮಾರ್ಕರು ಅದನ್ನು ಆತನ ಆಡುಮಾತಿನ ಧ್ವನಿಯಲ್ಲಿಯೇ ಉಳಿಸಿ, ಬಳಿಕ ಅರ್ಥ ಬರೆದಿದ್ದಾರೆ. ಕೇಳಿದವರ ಕಿವಿಯಲ್ಲಿ ಆ ಧ್ವನಿ ನಿಂತುಹೋಗಿದ್ದಿರಬೇಕು. ಆ ಕೀರ್ತನೆ ಸ್ತುತಿಯಲ್ಲಿ ಮುಗಿಯುವುದರಿಂದ ಯೇಸುವಿನ ಮನಸ್ಸಿನಲ್ಲಿದ್ದದ್ದು ಜಯವೇ ಎಂದು ಕೆಲವು ಬೋಧಕರು ವಿವರಿಸುತ್ತಾರೆ. ಇರಬಹುದು. ಆದರೆ ಆತನು ಬಾಯಿಬಿಟ್ಟು ಆಡಿದ್ದು ಮೊದಲ ಸಾಲನ್ನು. ಅದನ್ನು ಅವಸರದಿಂದ ಸ್ತುತಿಯನ್ನಾಗಿ ತಿದ್ದುವ ಹಕ್ಕು ನಮಗಿದೆಯೆಂದು ನನಗನ್ನಿಸುವುದಿಲ್ಲ.

ದೇವರಿಗೆ ನೋವಾಗುತ್ತದೆಯೇ ಎಂಬ ಕಠಿಣವಾದ ಪ್ರಶ್ನೆ ಇಲ್ಲಿಯೇ ಏಳುತ್ತದೆ. ದೇವರು ಬದಲಾಗದವನು, ಹೊರಗಿನ ಯಾವುದೂ ಆತನನ್ನು ಬಾಧಿಸಲಾರದು ಎಂದು ಆದಿಸಭೆಯ ಗುರುಗಳು ಕಲಿಸಿದರು. ಬಾಧೆಗೆ ಸಿಕ್ಕಿಬೀಳುವ ದೇವರು ನಮ್ಮನ್ನು ಬಾಧೆಯಿಂದ ಬಿಡಿಸುವುದು ಹೇಗೆ ಎಂಬ ಕಾಳಜಿ ಅದರ ಹಿಂದಿತ್ತು. ಹಾಗಿದ್ದರೆ ಶಿಲುಬೆಯ ಮೇಲೆ ನೊಂದವನು ಯಾರು? ಐದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಸಿರಿಲರು ಇದಕ್ಕೆ ಕೊಟ್ಟ ಉತ್ತರ ಒಗಟಿನಂತಿದೆ: ಆತನು 'ನೋವಿಲ್ಲದೆ ನೊಂದನು'. ದೈವಸ್ವಭಾವದಲ್ಲಿ ನೋವಿಗೆ ಎಟುಕದವನು ತಾನು ಧರಿಸಿದ ಶರೀರದಲ್ಲಿ ನಿಜವಾಗಿಯೂ ನೊಂದನು, ನೊಂದವನು ಬೇರೆ ಯಾರೋ ಅಲ್ಲ, ದೇವರ ಮಗನೇ ಎಂಬುದು ಅದರ ಅರ್ಥ. ಇಪ್ಪತ್ತನೆಯ ಶತಮಾನದ ಯುದ್ಧಗಳನ್ನು ಕಂಡ ಅನೇಕರಿಗೆ ಇಷ್ಟು ಸಾಲದೆನ್ನಿಸಿತು. ಹಿಟ್ಲರನ ವಿರೋಧಿಗಳ ಗುಂಪಿನಲ್ಲಿದ್ದು ಸೆರೆಯಾಗಿದ್ದ ಜರ್ಮನ್ ಪಾದ್ರಿ ಡೀಟ್ರಿಕ್ ಬೊನ್‌ಹಾಫರ್ 1944ರ ಜುಲೈಯಲ್ಲಿ ಸೆರೆಮನೆಯಿಂದ ಬರೆದ ಪತ್ರದಲ್ಲಿ, ನೊಂದ ದೇವರು ಮಾತ್ರವೇ ನೆರವಾಗಬಲ್ಲನು ಎಂದರು. 1945ರ ಏಪ್ರಿಲ್ 9ರಂದು ಅವರನ್ನು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಲಾಯಿತು. ಈ ಚರ್ಚೆ ದೇವಶಾಸ್ತ್ರದಲ್ಲಿ ಇನ್ನೂ ಮುಗಿದಿಲ್ಲ. ಎರಡು ಪಕ್ಷಗಳೂ ಒಪ್ಪುವ ಅಂಶ ಮಾತ್ರ ಸಣ್ಣದಲ್ಲ: ಕ್ರೈಸ್ತರು ನಂಬುವ ದೇವರಿಗೆ ಮನುಷ್ಯನ ಸಂಕಟ ಹೊರಗಿನಿಂದ ಕೇಳಿದ ಸುದ್ದಿಯಾಗಿ ಉಳಿದಿಲ್ಲ.

ಈಗ ಸಭೆಯ ಕಡೆಗೆ ತಿರುಗೋಣ. ನೊಂದವರಿಗೆ ಸಭೆಯಲ್ಲಿ ಹೆಚ್ಚಾಗಿ ಕೇಳಿಬರುವ ಒಂದು ಸಾಂತ್ವನ, 'ನಾವು ಹೊರಲಾರದ ಭಾರವನ್ನು ದೇವರು ಕೊಡುವುದಿಲ್ಲ' ಎಂಬುದು. ಇದಕ್ಕೆ ಆಧಾರವಾಗಿ ತೋರಿಸುವುದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 10ನೇ ಅಧ್ಯಾಯದ 13ನೇ ವಚನವನ್ನು. ಆ ವಚನದ ಹಿಂದುಮುಂದಿನ ವಿಷಯ ವಿಗ್ರಹಾರಾಧನೆ ಮತ್ತು ಪ್ರಲೋಭನೆ. ಪಾಪಕ್ಕೆ ಬೀಳದೆ ಪಾರಾಗುವ ದಾರಿಯ ಬಗ್ಗೆ ಪೌಲನು ಅಲ್ಲಿ ಹೇಳುತ್ತಿದ್ದಾನೆ. ತನ್ನ ಸ್ವಂತ ಸಂಕಟದ ಬಗ್ಗೆ ಅವನೇ ಬರೆದದ್ದು ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿದೆ: ನಮಗೆ ಶಕ್ತಿಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟೆವು ಎಂದು. ಹೊರಲಾರದ ಭಾರ ಬೀಳುವುದುಂಟು ಎಂದು ಅಪೊಸ್ತಲನೇ ಬರೆದಿರುವಾಗ, ಕುಸಿದು ಕುಳಿತವರಿಗೆ ನಾವು ಇದರ ವಿರುದ್ಧವಾದದ್ದನ್ನು ಹೇಳಿದರೆ ಅವರ ಕುಸಿತವೂ ಅವರ ತಪ್ಪೇ ಆಗಿಬಿಡುತ್ತದೆ.

ನಂಬಿಕೆ ಸಾಲದ್ದರಿಂದ ಗುಣವಾಗಲಿಲ್ಲ ಎಂಬ ಮಾತು ಇದಕ್ಕಿಂತಲೂ ಕ್ರೂರವಾದದ್ದು. ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆದುಬಿಡು ಎಂದು ಪೌಲನು ಮೂರು ಸಾರಿ ಬೇಡಿಕೊಂಡನು. ಸಿಕ್ಕ ಉತ್ತರ 'ನನ್ನ ಕೃಪೆಯೇ ನಿನಗೆ ಸಾಕು' ಎಂಬುದು, ಶೂಲ ಹೋಗಲಿಲ್ಲ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಒಂದು ಚಿಕ್ಕ ವಾಕ್ಯವಿದೆ: ತ್ರೊಫಿಮನು ಕಾಯಿಲೆಯಲ್ಲಿದ್ದುದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆನು. ಅದರಲ್ಲಿ ಬೈಗುಳವಿಲ್ಲ, ತನಿಖೆಯಿಲ್ಲ. ಸ್ವಸ್ಥತೆಯ ಅದ್ಭುತಗಳನ್ನು ಹೇಳುವ ಹೊಸ ಒಡಂಬಡಿಕೆಯೇ, ಪ್ರಾರ್ಥನೆಯ ನಡುವೆಯೂ ಕಾಯಿಲೆಯಲ್ಲೇ ಉಳಿದವರ ಹೆಸರನ್ನು ಇಷ್ಟು ಸಹಜವಾಗಿ ಬರೆದಿಟ್ಟಿದೆ. ಸೆರೆಯಾಗುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿದ ಯೇಸುವಿನ ನಂಬಿಕೆ ಸಾಲದಾಗಿತ್ತೆಂದು ಯಾರೂ ಹೇಳಲಾರರು.

ಇನ್ನೊಂದು ಬಗೆಯ ಸಂಕಟದ ವಿಷಯದಲ್ಲಿ ಮಾತು ಚುಟುಕಾಗಿಯೂ ಸ್ಪಷ್ಟವಾಗಿಯೂ ಇರಬೇಕು: ಮನುಷ್ಯರು ಮನುಷ್ಯರಿಗೆ ಕೊಡುವ ಹಿಂಸೆ. ಹೊಡೆಸಿಕೊಳ್ಳುತ್ತಿರುವ ಹೆಂಡತಿಗೆ, ಅಧಿಕಾರದಲ್ಲಿರುವವರಿಂದ ಕೆಡುಕಿಗೆ ಒಳಗಾದ ಸಭೆಯ ಸದಸ್ಯರಿಗೆ, ನಿನ್ನ ಶಿಲುಬೆಯನ್ನು ಹೊತ್ತುಕೊ ಎಂದು ಬೋಧಿಸಿದವರಿದ್ದಾರೆ. ಆದರೆ ವಿಚಾರಣೆಯ ವೇಳೆ ಕಾವಲುಗಾರನೊಬ್ಬನು ಕೆನ್ನೆಗೆ ಹೊಡೆದಾಗ ಯೇಸು, ನಾನು ಆಡಿದ್ದು ಸರಿಯಾಗಿದ್ದರೆ ನನ್ನನ್ನು ಏಕೆ ಹೊಡೆಯುತ್ತೀ ಎಂದು ಕೇಳಿದನು (ಯೋಹಾನ 18). ಪೌಲನು ಕೊರಡೆಯ ಏಟಿಗೆ ಕಟ್ಟಿಹಾಕಿಸಿಕೊಂಡಾಗ ತಾನು ರೋಮ್ ಪೌರನೆಂಬ ಹಕ್ಕನ್ನು ಎತ್ತಿದನು, ನ್ಯಾಯ ಸಿಗದಿದ್ದಾಗ ರೋಮಿನ ಚಕ್ರವರ್ತಿಯಾದ ಕೈಸರನಿಗೆ ಮೇಲ್ಮನವಿ ಸಲ್ಲಿಸಿದನು. ತಪ್ಪಿಸಬಹುದಾದ, ತಡೆಯಲೇಬೇಕಾದ ಅನ್ಯಾಯಕ್ಕೆ ಶಿಲುಬೆಯ ಹೆಸರಿಡುವುದು ಅನ್ಯಾಯಗಾರನಿಗೆ ನೆರಳು ಕೊಟ್ಟಂತೆ. ಅಂಥಲ್ಲಿ ಸಭೆ ಮೊದಲು ಮಾಡಬೇಕಾದದ್ದು ನೊಂದವರನ್ನು ಸುರಕ್ಷಿತವಾದ ಜಾಗಕ್ಕೆ ಸೇರಿಸುವುದು. ಕ್ಷಮೆಯ ಮಾತು ಬಹಳ ನಂತರದ್ದು.

ಹಾಗಾದರೆ ಸಭೆ ಏತಕ್ಕೆ? ಒಂದು ಅಂಗಕ್ಕೆ ನೋವಾದರೆ ಎಲ್ಲಾ ಅಂಗಗಳಿಗೂ ನೋವಾಗುತ್ತದೆ ಎಂದು ಪೌಲನು ಸಭೆಯನ್ನು ದೇಹಕ್ಕೆ ಹೋಲಿಸಿ ಬರೆದಾಗ ಅದು ನೀತಿಬೋಧೆಯಲ್ಲ, ದೇಹದ ಸ್ವಭಾವದ ವರ್ಣನೆ. ಮೂರನೆಯ ಶತಮಾನದ ನಡುವಿನಲ್ಲಿ ರೋಮ್ ಸಾಮ್ರಾಜ್ಯದಲ್ಲಿ ಮಹಾಮಾರಿ ಹಬ್ಬಿದಾಗ, ಕಾರ್ಥೇಜಿನ ಬಿಷಪ್ ಸಿಪ್ರಿಯನರು ಶತ್ರುಗಳಿಗೂ ಶುಶ್ರೂಷೆ ಮಾಡಬೇಕೆಂದು ತಮ್ಮವರನ್ನು ಹುರಿದುಂಬಿಸಿದರು. ರೋಗಿಗಳನ್ನು ಆರೈಕೆ ಮಾಡುತ್ತ ಅವರೊಡನೆಯೇ ಸತ್ತ ಸಹೋದರರ ಬಗ್ಗೆ ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸರು ಬರೆದ ಪತ್ರ ಇಂದಿಗೂ ಉಳಿದಿದೆ. ನೂರು ವರ್ಷಗಳ ಬಳಿಕ, ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ನೆಲೆಗೊಳಿಸಲು ಹೊರಟ ಚಕ್ರವರ್ತಿ ಜೂಲಿಯನನು, ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದುದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲದೆ ನಮ್ಮ ಬಡವರನ್ನೂ ಸಾಕುತ್ತಾರೆ ಎಂದು ತನ್ನ ಪೂಜಾರಿಯೊಬ್ಬನಿಗೆ ಬರೆದ ಪತ್ರದಲ್ಲಿ ಹೊಟ್ಟೆಯುರಿಯಿಂದ ಹೇಳಿಕೊಂಡನು. ಆ ಕ್ರೈಸ್ತರು ಮಹಾಮಾರಿ ಏಕೆ ಬಂತೆಂಬುದಕ್ಕೆ ಕೊಟ್ಟ ವಿವರಣೆಗಳು ನಮಗೆ ಇಂದು ಒಪ್ಪಿಗೆಯಾಗದೆ ಹೋಗಬಹುದು. ವಿರೋಧಿಯ ಕಣ್ಣಿಗೂ ಬಿದ್ದದ್ದು ಅವರ ಕೈಗಳು ಮಾಡಿದ ಸೇವೆ.

ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿ ಕಾಯಿಲೆಯವರ ಬಗ್ಗೆ ಕೊಟ್ಟಿರುವ ಸೂಚನೆಯಲ್ಲಿ ಒಂದು ಸಣ್ಣ ಸಂಗತಿ ಅಡಗಿದೆ. ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಕಳುಹಿಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದಿದೆ. ಕರೆಯುವವನು ರೋಗಿ, ಎದ್ದು ಬರಬೇಕಾದವರು ಹಿರಿಯರು. ನಂಬಿಕೆಯಿಂದ ಪ್ರಾರ್ಥಿಸುವ ಹೊಣೆಯೂ ಅಲ್ಲಿ ಅವರದೇ. ಇದೇ ಎಣ್ಣೆಯ ಸಂಸ್ಕಾರ ಕಥೋಲಿಕ ಸಭೆಯಲ್ಲಿ ಕ್ರಮೇಣ ಸಾಯುವ ಗಳಿಗೆಯ 'ಅಂತಿಮ ಅಭ್ಯಂಗ'ವಾಗಿ ಕುಗ್ಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಅದನ್ನು ಅಸ್ವಸ್ಥರ ಅಭ್ಯಂಗವೆಂದು ಕರೆಯುವುದೇ ಹೆಚ್ಚು ಸೂಕ್ತವೆಂದು ಹೇಳಿತು, 1972ರಲ್ಲಿ ವಿಧಿಯೂ ಹೊಸದಾಯಿತು. ಪಾದ್ರಿ ಬಂದರೆಂದರೆ ಸಾವು ಬಂದಿತೆಂದು ರೋಗಿಗಳು ಹೆದರುತ್ತಿದ್ದ ಕಾಲಕ್ಕೆ ಅದು ತಡವಾಗಿ ಬಂದ ತಿದ್ದುಪಡಿ.

ಆರಾಧನೆಯ ವಿಷಯದಲ್ಲಿ ನನ್ನದೊಂದು ತಕರಾರಿದೆ. ಕೀರ್ತನೆಗಳಲ್ಲಿ ಮೂರನೆಯ ಒಂದು ಭಾಗ ಪ್ರಲಾಪವಾಗಿದ್ದರೆ, ಅನೇಕ ಸಭೆಗಳ ಭಾನುವಾರದ ಹಾಡುಗಳಲ್ಲಿ ಅದರ ನೆರಳೂ ಇಲ್ಲ. ಮಗನನ್ನು ಕಳೆದುಕೊಂಡು ಮೂರನೆಯ ವಾರಕ್ಕೆ ಆರಾಧನೆಗೆ ಬಂದಿದ್ದ ತಾಯಿಯೊಬ್ಬರನ್ನು ಒಮ್ಮೆ ಪಕ್ಕದ ಸಾಲಿನಲ್ಲಿ ಕಂಡೆ. ಎಲ್ಲರೂ ಎದ್ದುನಿಂತು ಆನಂದದ ಹಾಡು ಹಾಡುತ್ತಿದ್ದರು. ಆಕೆಯೂ ನಿಂತಿದ್ದರು, ಕೈಯಲ್ಲಿ ಹಾಡಿನ ಪುಸ್ತಕ ಮುಚ್ಚಿಯೇ ಇತ್ತು, ಹೆಬ್ಬೆರಳು ಅದರ ಅಂಚನ್ನು ಸವರುತ್ತಿತ್ತು. ಆರಾಧನೆ ಮುಗಿದ ಮೇಲೆ ಒಬ್ಬರು ಬಂದು, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಅನುಕೂಲವಾಗುತ್ತದೆ ಎಂಬ ರೋಮಾಪುರದವರಿಗೆ ಬರೆದ ಪತ್ರದ ವಚನವನ್ನು ಹೇಳಿ ಹೋದರು. ಆಕೆ ತಲೆಯಾಡಿಸಿದರು. ಮುಂದಿನ ಕೆಲವು ವಾರ ಅವರು ಬರಲಿಲ್ಲ.

ಆ ವಚನ ಸುಳ್ಳಲ್ಲ. ಆದರೆ ಅದು 8ನೇ ಅಧ್ಯಾಯದ 28ನೆಯದು. ಅದಕ್ಕೆ ಮುಂಚೆ, 22ರಿಂದ 26ರವರೆಗೆ, ಪೌಲನು ಮೂರು ನರಳಾಟಗಳನ್ನು ಕೇಳಿಸುತ್ತಾನೆ. ಸೃಷ್ಟಿಯೆಲ್ಲವೂ ಪ್ರಸವವೇದನೆಯಲ್ಲಿರುವಂತೆ ನರಳುತ್ತದೆ. ಆತ್ಮನ ಪ್ರಥಮಫಲವನ್ನು ಹೊಂದಿದ ನಾವೂ ನಮ್ಮೊಳಗೆ ನರಳುತ್ತೇವೆ. ಯಾವ ರೀತಿ ಬೇಡಬೇಕೋ ನಮಗೆ ಗೊತ್ತಿಲ್ಲದಿರುವಾಗ ಪವಿತ್ರಾತ್ಮನು ತಾನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ. ಈ ಮೂರನ್ನು ದಾಟಿಯೇ ಪೌಲನು 28ಕ್ಕೆ ಬಂದದ್ದು. ಅದೇ ಪತ್ರದ 12ನೇ ಅಧ್ಯಾಯದಲ್ಲಿ ಅಳುವವರ ಸಂಗಡ ಅಳಿರಿ ಎಂದವನೂ ಅವನೇ. ಅಳುವವರಿಗೆ ಏನಾದರೂ ಹೇಳಿರಿ ಎಂದು ಅವನು ಬರೆದಿಲ್ಲ. ಮೂರನೆಯ ವಾರಕ್ಕೆ ಬೇಕಾಗಿದ್ದದ್ದು 26ನೆಯ ವಚನ. 28 ಆಕೆಯ ಬಾಯಿಂದಲೇ, ಎಂದಾದರೊಂದು ದಿನ, ಬರುವುದಾದರೆ ಬರಲಿ.

ಹಳೆಯ ಆರಾಧನಾ ಕ್ರಮಗಳಿಗೆ ಈ ತಿಳಿವಳಿಕೆ ಇತ್ತು. ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕದಲ್ಲಿ ಶುಭ ಶುಕ್ರವಾರದ ಸಂಜೆಗೆ ಗೊತ್ತುಮಾಡಿದ ಕೀರ್ತನೆಗಳಲ್ಲಿ 88ನೆಯದೂ ಒಂದು. ಕಥೋಲಿಕ ಸಭೆಯ ಹೊತ್ತುಹೊತ್ತಿನ ಪ್ರಾರ್ಥನೆಯಲ್ಲಿ ಅದು ವರ್ಷಕ್ಕೊಮ್ಮೆ ಬರುವುದಲ್ಲ, ಪ್ರತಿ ಶುಕ್ರವಾರ ಮಲಗುವ ಮುಂಚಿನ ಪ್ರಾರ್ಥನೆಯ ಕೀರ್ತನೆಯೇ ಅದು. ಆ ರಾತ್ರಿ ಅದನ್ನು ಓದುವವರಲ್ಲಿ ಹೆಚ್ಚಿನವರು ಅಂದು ಚೆನ್ನಾಗಿಯೇ ಇರಬಹುದು, ಕೆಲಸ ಮುಗಿಸಿ ನಿದ್ದೆಗೆ ಕಾಯುತ್ತಿರಬಹುದು. ಆದರೂ 'ನನ್ನ ಗೆಳೆಯರನ್ನು ದೂರಮಾಡಿದ್ದೀ' ಎಂಬ ಸಾಲನ್ನು ಬಾಯಿಬಿಟ್ಟು ಹೇಳಿ, 'ಕತ್ತಲೆ' ಎಂಬ ಪದದ ಮೇಲೆ ನಿಲ್ಲಿಸುತ್ತಾರೆ. ಅದೇ ಹೊತ್ತಿನಲ್ಲಿ, ಬೇರೆಲ್ಲೋ, ಪುಸ್ತಕ ತೆರೆಯಲೂ ಆಗದೆ ಕುಳಿತಿರುವ ಒಬ್ಬರ ಮಾತು ಅದು.